ಕೆಟ್ಟ ಏರ್‌ಸಾಫ್ಟ್ ಪಿಸ್ತೂಲು ‘ಮರಿಯಾ’ ಆದ ಬಗೆ: ಒಂದು ಪ್ರಕರಣ ಅಧ್ಯಯನ

ಗೆಳೆಯನೊಬ್ಬ ಕಾಸ್‌ಪ್ಲೇಗಾಗಿ (ಗೇಮ್, ಸಿನಿಮಾ ಪಾತ್ರಗಳ ವೇಷ ತೊಡುವ ಹವ್ಯಾಸ) ಬೆನ್ನಿಯ ವೇಷ ಸಿದ್ಧ ಮಾಡುತ್ತಿದ್ದ. 2010ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಸ್’ ಗೇಮ್ ಆಡಿದವರಿಗೆ ಬೆನ್ನಿ ಯಾರು ಅಂತ ಹೇಳಬೇಕಿಲ್ಲ. ಕಪ್ಪು-ಬಿಳಿ ಚೌಕಳಿ ಕೋಟಿನ ಈ ಆಸಾಮಿ ಆಟದ ಶುರುವಿನಲ್ಲೇ ನಮ್ಮ ಪಾತ್ರಕ್ಕೆ ಗುಂಡು ಹೊಡೆಯುತ್ತಾನೆ. ಅವನ ಪಿಸ್ತೂಲಿನ ಹೆಸರು ಮರಿಯಾ. ನಿಕ್ಕಲ್ ಹೊಳಪು, ಮೈಮೇಲೆ ಬಳ್ಳಿ ಕೆತ್ತನೆ, ಮುತ್ತಿನ ಬಣ್ಣದ ಗ್ರಿಪ್, ಗ್ರಿಪ್ ಮೇಲೆ ಗ್ವಾಡಲೂಪೆ ಮಾತೆಯ, ಅಂದರೆ ಮೆಕ್ಸಿಕೋದವರು ಪೂಜಿಸುವ ಮೇರಿ ಮಾತೆಯ ಚಿತ್ರ. ಗೆಳೆಯನ ಕೋಟು, ಷೂ ಎಲ್ಲ ಆಗಿತ್ತು. ಪಿಸ್ತೂಲು ಮಾತ್ರ ಬಾಕಿ ಇತ್ತು.

ಗೇಮಿನ ಮರಿಯಾಗೆ ಮೂಲ ಬ್ರೌನಿಂಗ್ ಹೈ-ಪವರ್ ಪಿಸ್ತೂಲು. ಜಾನ್ ಬ್ರೌನಿಂಗ್ ಇದರ ವಿನ್ಯಾಸ ಶುರುಮಾಡಿ 1926ರಲ್ಲಿ ತೀರಿಕೊಂಡರು. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ ಡ್ಯೂಡೊನೆ ಸೇವ್ ಅದನ್ನು ಪೂರ್ತಿ ಮಾಡಿದರು. 1935ರಲ್ಲಿ ಅದು ಬಳಕೆಗೆ ಬಂತು. ಮ್ಯಾಗಜೀನಿನಲ್ಲಿ 13 ಗುಂಡು. ಗೇಮಿನಲ್ಲೂ ಮರಿಯಾಗೆ 13. ಹೈ-ಪವರ್‌ನ ಏರ್‌ಸಾಫ್ಟ್ ನಕಲುಗಳು, ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಪಿಸ್ತೂಲುಗಳು, ಸಿಗುತ್ತವೆ. ಗೆಳೆಯ ತಂದದ್ದು ಅಂಥದ್ದೇ ಒಂದು: ಲೋಹದ ಮೈ, ಗ್ಯಾಸ್‌ನಿಂದ ಓಡುವುದು, ಮ್ಯಾಗಜೀನ್ ಸೋರಿ ಸೋರಿ ಕೈಬಿಟ್ಟದ್ದು. ಪ್ರಾಪ್, ಅಂದರೆ ವೇಷದ ಜೊತೆ ಹಿಡಿಯುವ ನಕಲಿ ವಸ್ತು, ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕಚ್ಚಾ ಮಾಲು ಇಲ್ಲ. ಚೆನ್ನಾಗಿ ಓಡುವ ಪಿಸ್ತೂಲನ್ನು ಕೊಯ್ಯಲು ಮನಸ್ಸು ಬರುವುದಿಲ್ಲ. ಕೆಟ್ಟದ್ದಾದರೆ ಆ ಸಂಕಟ ಇರುವುದಿಲ್ಲ.

ಅವನ ಬೇಡಿಕೆ ಎರಡೇ. “ಕೋಟಿನ ಒಳಜೇಬಿಂದ ದಿನಪೂರ್ತಿ ತೆಗೀತಾ ಹಾಕ್ತಾ ಇರ್ತೀನಿ, ಬಣ್ಣ ಹೋಗಬಾರದು. ಸ್ಲೈಡ್ ಎಳೆದ್ರೆ ಹಿಂದೆ ಬರಬೇಕು ಕಣೋ, ಇಲ್ಲಾಂದ್ರೆ ಆಟಿಕೆ ಥರ ಕಾಣುತ್ತೆ.” ಸ್ಲೈಡ್ ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ. ಕೇಳಲು ಸುಲಭ. ಆದರೆ ಈ ಕೆಲಸದ ಪ್ರತಿಯೊಂದು ತೀರ್ಮಾನವೂ ಈ ಎರಡು ಮಾತಿಗೆ ಕಟ್ಟುಬಿದ್ದಿತ್ತು. ಕಪಾಟಿನಲ್ಲಿಟ್ಟು ನೋಡುವ ಪ್ರಾಪ್‌ಗೆ ಹೊಳಪು ಸಾಕು. ಕೈಯಲ್ಲಿ ಆಡುವ ಪ್ರಾಪ್‌ಗೆ ಆ ಹೊಳಪು ಉಳಿಯಬೇಕು. ಇವೆರಡು ಬೇರೆ ಬೇರೆ ಕೆಲಸ.

ಮೊದಲು ಮಾಡಿದ್ದು ಅದು ಎಂದೂ ಗುಂಡು ಹಾರಿಸದ ಹಾಗೆ ಮಾಡಿದ್ದು. ಬಣ್ಣದ ಮಾತು ಆಮೇಲೆ. ಒಳಗಿನ ಬ್ಯಾರಲ್ (ಗುಂಡು ಹೊರಡುವ ನಳಿಗೆ), ಗುಂಡು ಕೂರುವ ಹಾಪ್-ಅಪ್ ಭಾಗ, ಸ್ಲೈಡ್ ಒಳಗಿನ ನಾಜಲ್ ಮತ್ತು ಪಿಸ್ಟನ್, ಮ್ಯಾಗಜೀನಿನ ವಾಲ್ವ್, ಆ ವಾಲ್ವನ್ನು ತಟ್ಟುವ ಪುಟ್ಟ ಕಡ್ಡಿ ಎಲ್ಲವನ್ನೂ ತೆಗೆದೆ. ಹೊರ ಬ್ಯಾರಲ್ ಒಳಗೆ ಮರದ ಗೂಟ ಕೂರಿಸಿ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಸುರಿದು ಮುಚ್ಚಿದೆ. ಮತ್ತೆ ಜೋಡಿಸಿದರೆ ಓಡಬಹುದು ಅನ್ನುವ ಸ್ಥಿತಿಯಲ್ಲಿ ಬಿಡಬಾರದು. ವೇಷದ ಕಾರ್ಯಕ್ರಮಗಳಲ್ಲಿ ಬಾಗಿಲಲ್ಲೇ ಪ್ರಾಪ್ ತಪಾಸಣೆ ಇರುತ್ತದೆ, ಅಲ್ಲಿ ಬ್ಯಾರಲ್‌ನೊಳಗೆ ಬೆಳಕು ಹಾಯಿಸಿ ನೋಡುತ್ತಾರೆ. ಮುಚ್ಚಿದ ಬ್ಯಾರಲ್ ಕಂಡರೆ ಮಾತು ಬೇಗ ಮುಗಿಯುತ್ತದೆ. ತೂಕ ಸ್ವಲ್ಪ ಕಡಿಮೆಯಾಯಿತು. ಗ್ಯಾಸ್ ತುಂಬುವ ಜಾಗದಲ್ಲಿ ಸೀಸದ ತುಂಡು ಬದಲು ಉಕ್ಕಿನ ಬೋಲ್ಟ್‌ಗಳನ್ನು ಅಂಟಿಸಿ ಸರಿದೂಗಿಸಿದೆ. ದಿನವಿಡೀ ಕೈಗೆ ಸಿಗುವ ವಸ್ತುವಿನಲ್ಲಿ ಸೀಸ ಯಾಕೆ ಬೇಕು?

ಬ್ಯಾರಲ್ ಬಾಯಿಯ ಕಿತ್ತಳೆ ಬಣ್ಣದ ವಿಷಯದಲ್ಲಿ ನಮ್ಮಿಬ್ಬರ ನಡುವೆ ಸ್ವಲ್ಪ ಚರ್ಚೆ ಆಯಿತು. ಬೆನ್ನಿಯ ಪಿಸ್ತೂಲಿಗೆ ಕಿತ್ತಳೆ ಮೂತಿ ಇಲ್ಲ, ನಿಜ. ಅಮೆರಿಕದ ನಿಯಮದಲ್ಲಿ ಇಂಥ ನಕಲಿ ಬಂದೂಕಿನ ಬಾಯಿಗೆ ಕಿತ್ತಳೆ ಮುಚ್ಚಳ ಇರಬೇಕು, ಇಲ್ಲವೇ ಬಾಯಿಯಿಂದ ಕನಿಷ್ಠ 6 ಮಿಲಿಮೀಟರ್ ಉದ್ದಕ್ಕೆ ಸುತ್ತ ಕಿತ್ತಳೆ ಪಟ್ಟಿ ಇರಬೇಕು. ಬ್ರಿಟನ್ನಿನ 2006ರ ಕಾಯ್ದೆ ಇನ್ನೂ ಬಿಗಿ. ಅಲ್ಲಿ ನಕಲಿ ಬಂದೂಕನ್ನು ನಿಜದಂತೆ ಕಾಣುವ ಹಾಗೆ ಬದಲಾಯಿಸುವುದೇ ಅಪರಾಧ, ಕೆಲವು ವಿನಾಯಿತಿಗಳನ್ನು ಬಿಟ್ಟರೆ. ಅಂದರೆ ಕೆಲಸ ಮುಟ್ಟುವ ಮೊದಲೇ ನಿಮ್ಮ ಜಾಗದ ಕಾನೂನು ಓದಬೇಕು. ನನ್ನ ನಿಲುವು ಕಾನೂನಿಗಿಂತ ಸರಳ. ದೂರದಿಂದ ನೋಡಿದ ಯಾರಿಗೂ ಅದು ನಿಜವಾದ ಪಿಸ್ತೂಲು ಅನ್ನಿಸಬಾರದು. ಕಿತ್ತಳೆ ಮುಚ್ಚಳವನ್ನು ಗೂಟಕ್ಕೇ ಸೇರಿಸಿ ಅಂಟಿಸಿದೆ. ಫೋಟೋದಲ್ಲಿ ಬೇಡವಾದರೆ ಎಡಿಟ್ ಮಾಡುವಾಗ ಅಳಿಸಿಕೊಳ್ಳಲಿ. ಗೆಳೆಯ ಒಪ್ಪಿದ.

ಇನ್ನು ಅಳತೆ. ಆಡುವಾಗ ತೆರೆಯಲ್ಲಿ ಕಾಣುವ ಪಿಸ್ತೂಲನ್ನು ನಂಬುವ ಹಾಗಿಲ್ಲ. ಕಣ್ಣಿಗೆ ಹತ್ತಿರದ ಭಾಗ ಉಬ್ಬಿ, ಮೂತಿ ಕುಗ್ಗಿ ಕಾಣುತ್ತದೆ. ಪಕ್ಕದಿಂದ ನೇರವಾಗಿ ಕಾಣುವ ಚಿತ್ರಗಳನ್ನು ಆರಿಸಿ, ನಮ್ಮ ಪಿಸ್ತೂಲಿನ ಟ್ರಿಗರ್ ಗಾರ್ಡಿನ ಅಗಲಕ್ಕೆ ಹೊಂದಿಸಿ, ನಿಜ ಗಾತ್ರದಲ್ಲಿ ಪ್ರಿಂಟ್ ತೆಗೆದೆ. ಅದನ್ನು ಮೈಮೇಲೆ ಇಟ್ಟು ನೋಡಿದಾಗ ಇನ್ನೊಂದು ವಿಷಯ ಸ್ಪಷ್ಟವಾಯಿತು. ಗೇಮಿನ ಮಾದರಿಯಲ್ಲಿ ಕೆತ್ತನೆಗೆ ಆಳವೇ ಇರುವುದಿಲ್ಲ. ಬೆಳಕು ಯಾವ ಕಡೆ ಬಾಗಬೇಕು ಅಂತ ಹೇಳುವ ಒಂದು ಚಿತ್ರಪದರ ಇರುತ್ತದೆ, ನೆರಳನ್ನು ಬಣ್ಣದಲ್ಲೇ ಬರೆದಿರುತ್ತಾರೆ. ಆ ನೆರಳನ್ನು ನಾವೂ ಬಣ್ಣದಲ್ಲಿ ಬರೆದರೆ ಕೈಯಲ್ಲಿ ತಿರುಗಿಸಿದ ಕೂಡಲೇ ಸುಳ್ಳು ಬಯಲಾಗುತ್ತದೆ. ಬೆಳಕು ಕಡೆ ಬದಲಿಸಿದರೂ ನೆರಳು ಇದ್ದಲ್ಲೇ ನಿಂತಿರುತ್ತದೆ. ಹಾಗಾಗಿ ಕೆತ್ತನೆಗೆ ನಿಜವಾದ ತಗ್ಗು ಬೇಕೇ ಬೇಕಿತ್ತು.

ಅದಕ್ಕೂ ಮೊದಲು ಮೈ ಶುದ್ಧವಾಗಬೇಕು. ಇಲ್ಲಿ ಗ್ಯಾಸ್ ಪಿಸ್ತೂಲುಗಳದ್ದೇ ಒಂದು ಕಾಟ ಇದೆ. ಇವಕ್ಕೆ ತುಂಬುವ ಗ್ರೀನ್ ಗ್ಯಾಸ್ ಅನ್ನುವುದು ಮುಖ್ಯವಾಗಿ ಪ್ರೊಪೇನ್, ಅದರ ಜೊತೆ ಸಿಲಿಕೋನ್ ಎಣ್ಣೆ. ವರ್ಷಗಟ್ಟಲೆ ಬಳಸಿದ ಪಿಸ್ತೂಲಿನ ಸಂದಿಗೊಂದಿಯಲ್ಲಿ ಈ ಎಣ್ಣೆ ಕೂತಿರುತ್ತದೆ. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಸ್ಪ್ರೇ ಮಾಡಿದ ಕೂಡಲೇ ಬಣ್ಣ ಸರಿದು ಪುಟ್ಟ ಪುಟ್ಟ ಗುಳಿ ಬೀಳುತ್ತದೆ. ಹೊಳಪಿನ ಬಣ್ಣದಲ್ಲಂತೂ ಒಂದೇ ಒಂದು ಗುಳಿ ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಪಿನ್ನು, ಸ್ಪ್ರಿಂಗು, ರಬ್ಬರ್ ರಿಂಗು ಬಿಚ್ಚಿ ತೆಗೆದು, ಪಾತ್ರೆ ತೊಳೆಯುವ ಸೋಪಿನ ಬಿಸಿ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಗ್ರೀಸ್ ತೆಗೆಯುವ ದ್ರಾವಣದಲ್ಲಿ ಒರೆಸಿದೆ. ಪಿನ್ನಿನ ತೂತುಗಳೊಳಗೆ ಹತ್ತಿ ಕಡ್ಡಿ ಹಾಕಿ ಪದೇ ಪದೇ ಒರೆಸಿದೆ. ಆಮೇಲೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿದರೆ ತೂತಿನ ಅಂಚಿನಲ್ಲಿ ಮತ್ತೆ ಜಿಡ್ಡು ಜಿನುಗುತ್ತದೆ! ಏನೂ ಜಿನುಗದ ತನಕ ಇದನ್ನೇ ಮಾಡುತ್ತಿರಬೇಕು. ಬೇಸರದ ಕೆಲಸ, ಆದರೆ ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ಹಳೆಯ ಕಪ್ಪು ಬಣ್ಣ ತೆಗೆಯಲು ಕಾಸ್ಟಿಕ್ ಸೋಡ ಬಳಸಬಾರದು. ಈ ಪಿಸ್ತೂಲುಗಳ ಮೈ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹ. ಕಾಸ್ಟಿಕ್ ಎರಡನ್ನೂ ತಿನ್ನುತ್ತದೆ. ಲೋಹಕ್ಕೆ ಹೊಂದುವ ಪೇಂಟ್ ರಿಮೂವರ್, ಅದರ ಮೇಲೆ 240ರ ಎಮರಿ ಪೇಪರ್ (ಅಂಕಿ ಹೆಚ್ಚಿದಷ್ಟೂ ಪೇಪರ್ ನಯ). ಎರಕದ ಗೀಟುಗಳನ್ನು ಉಜ್ಜಿ ತೆಗೆದೆ. ತಯಾರಕರ ಅಚ್ಚಕ್ಷರಗಳನ್ನು ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿಯಿಂದ ತುಂಬಿ 400, 600 ಅಂತ ಮೇಲೇರಿದೆ.

ನಿಜವಾದ ನಿಕ್ಕಲ್ ಪ್ಲೇಟಿಂಗ್ ಯಾಕೆ ಮಾಡಿಸಲಿಲ್ಲ ಅಂತ ಕೇಳಬಹುದು. ಲೋಹದ ಮೈ ಇದೆ, ನಿಕ್ಕಲ್ ಬೇಕು, ನೇರ ದಾರಿ ಅದೇ ಅಲ್ವಾ? ಎರಡು ಅಡ್ಡಿ ಇದ್ದವು. ಸತುವಿನ ಮೇಲೆ ನಿಕ್ಕಲ್ ನೇರವಾಗಿ ಸರಿಯಾಗಿ ಕೂರುವುದಿಲ್ಲ. ನಿಕ್ಕಲ್ ದ್ರಾವಣದ ಆಮ್ಲ ಸತುವನ್ನೇ ಕೊರೆಯುತ್ತದೆ, ಮೊದಲು ತಾಮ್ರದ ಪದರ ಹಾಕಬೇಕು. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಸಯನೈಡ್ ದ್ರಾವಣ, ಮನೆಯಲ್ಲಿ ಮುಟ್ಟುವ ವಸ್ತುವಲ್ಲ. ಎರಡನೆಯದು ಇನ್ನೂ ಗಟ್ಟಿ ಕಾರಣ. ಪುಟ್ಟಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಅಕ್ಷರ ತುಂಬಿದ ಜಾಗಗಳೆಲ್ಲ ಪ್ಲೇಟಿಂಗ್ ಆಗದೆ ಬೂದು ಕಲೆಗಳಾಗಿ ಉಳಿಯುತ್ತವೆ. ಬಣ್ಣವೇ ದಾರಿ ಅಂತ ತೀರ್ಮಾನಿಸಿದೆ.

ಕೆತ್ತನೆಗೂ ಇದೇ ಪುಟ್ಟಿ ದಾರಿ ತೋರಿಸಿತು. ಚಿಕ್ಕ ಗ್ರೈಂಡರ್ ಹಿಡಿದು ಕೊರೆಯಬಹುದು. ಆದರೆ ಲೋಹ ಗಟ್ಟಿ, ಪುಟ್ಟಿ ಮೆದು. ಎರಡೂ ಕೂಡುವ ಜಾಗದಲ್ಲಿ ಬಿಟ್ ಜಿಗಿಯುತ್ತದೆ, ಬಳ್ಳಿಯ ತಿರುವು ಅಲ್ಲೇ ಕೆಡುತ್ತದೆ. ಅದಕ್ಕೆ ಕೊರೆಯುವುದನ್ನು ಬಿಟ್ಟು ಕಟ್ಟುವ ದಾರಿ ಹಿಡಿದೆ. ಅಂದರೆ ಗೆರೆಗಳನ್ನು ತಗ್ಗಿಸುವ ಬದಲು ಸುತ್ತಲಿನ ಮೈಯನ್ನು ಎತ್ತರಿಸುವುದು.

ಲೋಹಕ್ಕೆ ಹಿಡಿಯುವ ಎಚಿಂಗ್ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಬಣ್ಣ) ಮೊದಲು ಒಂದು ಪದರ. ಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದು, ಗೆರೆಗಳನ್ನಷ್ಟೇ ವಿನೈಲ್ ಹಾಳೆಯಲ್ಲಿ ಕತ್ತರಿಸಿದೆ. ಕೂದಲಿಗಿಂತ ಸ್ವಲ್ಪ ದಪ್ಪ ಇರುವ ಆ ಎಳೆಗಳನ್ನು ಟ್ರಾನ್ಸ್‌ಫರ್ ಟೇಪಿನಿಂದ ಎತ್ತಿ ಸ್ಲೈಡಿನ ಮೇಲೆ ಕೂರಿಸಬೇಕು. ಚಪ್ಪಟೆ ಪಕ್ಕದಲ್ಲಿ ಸಲೀಸು. ಸ್ಲೈಡಿನ ಮೇಲ್ಭಾಗ ದುಂಡಗೆ ತಿರುಗುವಲ್ಲಿ ಎಳೆ ಏಳುತ್ತದೆ. ಹೇರ್ ಡ್ರೈಯರ್‌ನ ಬಿಸಿ ಹಿಡಿದು, ಮೆತ್ತಗಾದಾಗ ಮರದ ಕಡ್ಡಿಯಿಂದ ಒತ್ತುತ್ತಾ ಹೋಗಬೇಕು. ಬೆರಳು ತಾಗಿಸಿದರೆ ಜಿಡ್ಡು, ಕಬ್ಬಿಣದ ಮೊನೆ ತಾಗಿಸಿದರೆ ಗೀರು. ಎಲ್ಲ ಕೂತ ಮೇಲೆ ಫಿಲ್ಲರ್ ಪ್ರೈಮರ್ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದು, ವಿನೈಲಿನ ಎತ್ತರ ಮೀರಿ ಬರುವ ತನಕ. ಈಗ ಮೈಮೇಲೆ ಗೆರೆಗಳು ಉಬ್ಬಿದ ನರಗಳ ಹಾಗೆ ಕಾಣುತ್ತವೆ. 600ರ ಪೇಪರನ್ನು ಗಟ್ಟಿ ರಬ್ಬರ್ ತುಂಡಿಗೆ ಸುತ್ತಿ, ನೀರು ಹಾಕಿ, ಉಬ್ಬು ಸಮವಾಗಿ ವಿನೈಲಿನ ಬಣ್ಣ ಇಣುಕುವ ತನಕ ಉಜ್ಜಬೇಕು. ಆಮೇಲೆ ಸೂಜಿ ಮೊನೆಯಿಂದ ಎಳೆಯ ಒಂದು ತುದಿ ಎಬ್ಬಿಸಿ ಮೆಲ್ಲಗೆ ಎಳೆದರೆ ಅದು ಪ್ರೈಮರ್ ಒಳಗಿಂದ ಬಿಚ್ಚಿಕೊಂಡು ಬರುತ್ತದೆ. ಹಿಂದೆ ಚೂಪಾದ ಅಂಚಿನ ತಗ್ಗು ಗೆರೆ ಉಳಿಯುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಘಳಿಗೆ ಇದು. ಆಳ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟೇ ಸಾಕು, ಉಗುರು ಆಡಿಸಿದರೆ ತಡೆಯುತ್ತದೆ, ಬೆಳಕು ಬಿದ್ದರೆ ನೆರಳು ತಾನೇ ಹುಟ್ಟುತ್ತದೆ.

ಬಣ್ಣದ ಪ್ರಯೋಗವನ್ನೆಲ್ಲ ಪ್ಲಾಸ್ಟಿಕ್ ಚಮಚಗಳ ಮೇಲೆ ಮಾಡಿದೆ. ಚಮಚದಲ್ಲಿ ಉಬ್ಬು, ತಗ್ಗು, ಅಂಚು ಮೂರೂ ಇರುವುದರಿಂದ ಮಾಡೆಲ್ ಪೇಂಟ್ ಮಾಡುವವರು ಮೊದಲಿಂದಲೂ ಅದನ್ನೇ ಬಳಸುತ್ತಾರೆ. ಆಲ್‌ಕ್ಲ್ಯಾಡ್ ಕಂಪನಿಯದಂಥ, ಲೋಹದಂತೆ ಹೊಳೆಯುವ ಲ್ಯಾಕರ್ ಕ್ರೋಮ್ ಬಣ್ಣಕ್ಕೆ ಅಡಿಯಲ್ಲಿ ಹೊಳೆಯುವ ಕಪ್ಪು ಬೇಕು. ಕಪ್ಪು ಎಷ್ಟು ನಯವೋ ಕ್ರೋಮ್ ಅಷ್ಟು ಕನ್ನಡಿ. ಏರ್‌ಬ್ರಷ್ ಒತ್ತಡ 12ರಿಂದ 15 ಪಿಎಸ್‌ಐ, ಪದರ ಮಂಜಿನಷ್ಟು ತೆಳು. ಕಪ್ಪು ಪೂರ್ತಿ ಮುಚ್ಚುವ ತನಕ ಹೊಡೆದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಮಾಡಿದ ಚಮಚ ಅದ್ಭುತವಾಗಿ ಕಂಡಿತು. ಕೋಟಿನ ಬಟ್ಟೆಗೆ ಉಜ್ಜಿದಾಗ ಹೊಳಪು ಬಟ್ಟೆಗೆ ಬಂತು.

ಹಾಗಾದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಬೇಕು. ಕ್ರೋಮ್ ಬಣ್ಣ ಬಳಸುವವರಿಗೆಲ್ಲ ಗೊತ್ತಿರುವ ನೋವು ಇದು: ಕ್ಲಿಯರ್ ಬಿದ್ದ ಕೂಡಲೇ ಕನ್ನಡಿ ಮಂಕಾಗುತ್ತದೆ. ಇದನ್ನು ತಪ್ಪಿಸಲು ಜನ ಏನೇನೋ ಸಾಹಸ ಮಾಡುತ್ತಾರೆ. ಆದರೆ ನಮಗೆ ಬೇಕಿದ್ದದ್ದು ಕ್ರೋಮ್ ಅಲ್ಲ, ನಿಕ್ಕಲ್. ಕ್ರೋಮ್ ನೀಲಿ ಕಡೆಗೆ ವಾಲುವ ತಣ್ಣಗಿನ ಕನ್ನಡಿ. ನಿಕ್ಕಲ್ ಅದಕ್ಕಿಂತ ಮೆತ್ತಗೆ, ಒಂಚೂರು ಹಳದಿ ಬೆಚ್ಚಗಿನ ಹೊಳಪು. ಅಂದರೆ ಬೇರೆಯವರು ದೂರುವ ಆ ಮಂಕೇ ಇಲ್ಲಿ ಉಪಕಾರಿ. ಗಟ್ಟಿ ಮಾಡುವ ಹಾರ್ಡನರ್ ಬೆರೆಸುವ ಎರಡು ಭಾಗದ ಪಾಲಿಯುರೆಥೇನ್ ಕ್ಲಿಯರ್‌ಗೆ ಪಾರದರ್ಶಕ ಹಳದಿಯ ಕೆಲವೇ ಹನಿ ಸೇರಿಸಿ ಇನ್ನೊಂದು ಚಮಚದ ಮೇಲೆ ಹೊಡೆದಾಗ ನಿಕ್ಕಲ್ ಎದ್ದು ಬಂತು. ಕೋಟಿನ ಬಟ್ಟೆಗೆ ಎಷ್ಟು ಉಜ್ಜಿದರೂ ಏನೂ ಆಗಲಿಲ್ಲ. ಬಾಳಿಕೆ ಮತ್ತು ಬಣ್ಣ, ಎರಡು ಸಮಸ್ಯೆಗೂ ಒಂದೇ ಡಬ್ಬಿಯಲ್ಲಿ ಉತ್ತರ ಸಿಕ್ಕಿತು.

ಒಂದು ಎಚ್ಚರಿಕೆ. ಈ ಎರಡು ಭಾಗದ ಕ್ಲಿಯರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಒಮ್ಮೆ ಒಗ್ಗದೆ ಹೋದರೆ ಜೀವನಪೂರ್ತಿ ಉಬ್ಬಸ ಅಂಟಿಕೊಳ್ಳಬಹುದು. ಸುಮ್ನೆ ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆಯುವ ವಸ್ತು ಅಲ್ಲ. ಹೊರಗಿನ ಗಾಳಿ ಒದಗಿಸುವ ಮುಖವಾಡ ಇರುವ ಕಾರ್ ಪೇಂಟಿಂಗ್ ಶೆಡ್‌ನಲ್ಲಿ ಈ ಒಂದು ಹಂತವನ್ನು ಮಾಡಿಸಿದೆ. ನನ್ನ ಹತ್ತಿರ ಆ ವ್ಯವಸ್ಥೆ ಇಲ್ಲ, ಇಲ್ಲದೆ ಮಾಡುವುದು ಸರಿಯೂ ಅಲ್ಲ.

ಸ್ಲೈಡ್ ಜಾರುವ ಹಳಿಗಳಿಗೆ ಬಣ್ಣ ತಾಗಿಸಲಿಲ್ಲ. ಪ್ರೈಮರ್, ಕಪ್ಪು, ಕ್ರೋಮ್, ಕ್ಲಿಯರ್ ಎಲ್ಲ ಸೇರಿದರೆ ದಪ್ಪ ಜಾಸ್ತಿ ಆಗುತ್ತದೆ, ಸ್ಲೈಡ್ ಬಿಗಿದು ಎಳೆದಾಗೆಲ್ಲ ಕೆರೆಯುತ್ತದೆ. ಮೊದಲಿನಿಂದ ಕೊನೆಯವರೆಗೂ ಹಳಿಗಳನ್ನು ಟೇಪಿನಿಂದ ಮುಚ್ಚಿ, ಕೊನೆಗೆ ಬರಿ ಲೋಹಕ್ಕೆ ಒಣ ಟೆಫ್ಲಾನ್ ಲೂಬ್ರಿಕಂಟ್ ಹಾಕಿದೆ. ಎಣ್ಣೆ ಹಾಕಿದರೆ ಕೋಟಿನ ಒಳಜೇಬು ಹಾಳು.

ಗ್ರಿಪ್ ಇನ್ನೊಂದು ಲೋಕ. ಮೂಲ ಪ್ಲಾಸ್ಟಿಕ್ ಗ್ರಿಪ್‌ನ ಚೌಕುಳಿ ಗೀರುಗಳನ್ನು ಪುಟ್ಟಿಯಿಂದ ತುಂಬಿ ನಯ ಮಾಡಿ ಸಿಲಿಕೋನ್ ಅಚ್ಚು ತೆಗೆದೆ. ಮುತ್ತಿನ ಚಿಪ್ಪಿನ ಗುಣ ಏನೆಂದರೆ ಅದರ ಹೊಳಪು ಮೇಲ್ಮೈಯಲ್ಲಿ ಇರುವುದಿಲ್ಲ, ಒಳಗಿನಿಂದ ಬರುತ್ತದೆ, ತಿರುಗಿಸಿದರೆ ಜಾಗ ಬದಲಿಸುತ್ತದೆ. ಬಿಳಿ ಬಣ್ಣ ಬಳಿದರೆ ಆ ಜೀವ ಬರದು. ಪಾರದರ್ಶಕ ಎಪಾಕ್ಸಿ ರೆಸಿನ್‌ಗೆ ಅಭ್ರಕದ ಮುತ್ತಿನ ಪುಡಿ ಬೆರೆಸಿದೆ. ಅಭ್ರಕದ ಚೂರುಗಳು ರೆಸಿನ್ ಹರಿದ ದಿಕ್ಕಿನಲ್ಲಿ ಮಲಗುತ್ತವೆ. ರೆಸಿನ್ ಜೇನಿನಷ್ಟು ಗಟ್ಟಿಯಾಗುವಾಗ ಕಡ್ಡಿಯಿಂದ ಒಮ್ಮೆ ನಿಧಾನ ಎಳೆದರೆ ಅಲೆ ಮೂಡಿ ಹಾಗೇ ನಿಲ್ಲುತ್ತದೆ. ಮೊದಲೇ ಕಲಕಿದರೆ ಅಲೆ ಕರಗಿಹೋಗುತ್ತದೆ. ಹಿಂದೆ ಒಂದು ಪದರ ಪೂರ್ತಿ ಬಿಳಿ ರೆಸಿನ್ ಹಾಕದಿದ್ದರೆ ಫ್ರೇಮಿನ ಕಪ್ಪು ಒಳಭಾಗ ಮುಂದೆ ತೋರಿ ಇಡೀ ಗ್ರಿಪ್ ಬೂದಾಗುತ್ತದೆ.

ಗ್ವಾಡಲೂಪೆ ಮಾತೆಯ ಚಿತ್ರವನ್ನು ಗೇಮಿನಿಂದ ಎತ್ತಿ ದೊಡ್ಡದು ಮಾಡಲಿಲ್ಲ. ಗೇಮಿನ ಚಿತ್ರಪದರದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ತೀರಾ ಕಡಿಮೆ, ಹಿಗ್ಗಿಸಿದರೆ ಮುಖವೇ ಕಲಸಿಹೋಗುತ್ತದೆ. ಅಲ್ಲದೆ ಮೆಕ್ಸಿಕೋದ ಜನಕ್ಕೆ ಅದು ಸುಮ್ನೆ ಅಲಂಕಾರವಲ್ಲ. 1531ರಲ್ಲಿ ಹ್ವಾನ್ ಡಿಯೇಗೋ ಎಂಬ ಸ್ಥಳೀಯನಿಗೆ ಮಾತೆ ಕಾಣಿಸಿಕೊಂಡಳು ಎಂಬ ನಂಬಿಕೆ ಇದೆ, ಆ ಮೂಲ ಚಿತ್ರ ಇಂದಿಗೂ ಮೆಕ್ಸಿಕೋ ಸಿಟಿಯ ಬಸಿಲಿಕಾದಲ್ಲಿ ಇದೆ. ಬಾಗಿದ ತಲೆ, ಜೋಡಿಸಿದ ಕೈ, ನಕ್ಷತ್ರಗಳ ಹಸಿರು-ನೀಲಿ ಮೇಲುವಸ್ತ್ರ, ಸುತ್ತ ಕಿರಣ, ಕಾಲಡಿ ಬಾಲಚಂದ್ರ, ಅದರ ಕೆಳಗೆ ದೇವದೂತ. ಈ ಲಕ್ಷಣಗಳನ್ನು ಇಟ್ಟುಕೊಂಡು ಹೊಸದಾಗಿ ಬರೆದು, ನೀರಿನಲ್ಲಿ ಜಾರಿಸಿ ಅಂಟಿಸುವ ಪಾರದರ್ಶಕ ಡೆಕಾಲ್ ಮೇಲೆ ಪ್ರಿಂಟ್ ತೆಗೆದೆ. ಮನೆಯ ಪ್ರಿಂಟರ್‌ಗೆ ಬಿಳಿ ಶಾಯಿ ಇಲ್ಲ. ತಿಳಿ ಬಣ್ಣ ಇರಬೇಕಾದ ಕಡೆಯೆಲ್ಲ ಹಿಂದಿನ ಮುತ್ತು ಕಾಣುತ್ತದೆ. ಕಿರಣಗಳಿಗೆ ಮತ್ತು ಮುಖಕ್ಕೆ ಇದು ಎಷ್ಟು ಚೆನ್ನಾಗಿ ಒದಗಿತು ಅಂದರೆ, ಬಿಳಿ ಶಾಯಿ ಇದ್ದಿದ್ದರೂ ನಾನು ಬಳಸುತ್ತಿರಲಿಲ್ಲ. ಮೇಲೆ ಕ್ಲಿಯರ್ ಪದರಗಳು, ಡೆಕಾಲಿನ ಅಂಚು ಮಾಯವಾಗುವ ತನಕ 2000ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಪಾಲಿಶ್.

ಕೊನೆಗೆ ಕೆತ್ತನೆಯ ಗೆರೆಗಳಿಗೆ ಕಪ್ಪು ಆಯಿಲ್ ಪೇಂಟನ್ನು ತೆಳುವಾಗಿ ಹರಿಸಿ ಮೇಲಿನದನ್ನು ಒರೆಸಿದೆ. ಅಷ್ಟಕ್ಕೇ ನಿಲ್ಲಿಸಿದೆ. ಫಾಲ್‌ಔಟ್ ಪ್ರಾಪ್ ಅಂದರೆ ತುಕ್ಕು, ಧೂಳು, ಗೀರು ಬಳಿಯುವುದು ರೂಢಿ, ಗೆಳೆಯನೂ ಅದನ್ನೇ ಕೇಳಿದ. ನಾನು ಒಪ್ಪಲಿಲ್ಲ. ಆ ಲೋಕ ಪಾಳುಬಿದ್ದಿರಬಹುದು, ಬೆನ್ನಿ ಪಾಳುಬಿದ್ದವನಲ್ಲ. ಇಸ್ತ್ರಿ ಕೋಟು ತೊಟ್ಟು ಕ್ಯಾಸಿನೋ ನಡೆಸುವವನು ತನ್ನ ಮರಿಯಾಳನ್ನು ದಿನಾ ಒರೆಸಿಯೇ ಇಡುತ್ತಾನೆ. ಮೂತಿಯ ಅಂಚಿನಲ್ಲಿ, ಜೇಬಿಗೆ ತಾಗುವ ಜಾಗದಲ್ಲಿ ಮಾತ್ರ ಒಂಚೂರು ಕಡು ಬೂದು ತೋರಿಸಿದೆ. ನಿಕ್ಕಲ್ ಸವೆದರೆ ಅಡಿಯ ಉಕ್ಕು ಕಾಣಬೇಕು. ಹಿತ್ತಾಳೆಯ ಹಳದಿ ಹಚ್ಚುವವರಿದ್ದಾರೆ, ಅದು ಈ ಪಿಸ್ತೂಲಿಗೆ ಹೊಂದುವುದಿಲ್ಲ.

ಕಾರ್ಯಕ್ರಮಕ್ಕೆ ಅದು ಮುಚ್ಚಿದ ಪೆಟ್ಟಿಗೆಯಲ್ಲಿ ಹೋಯಿತು. ಬಾಗಿಲಲ್ಲಿ ಮುಚ್ಚಿದ ಬ್ಯಾರಲ್ ಮತ್ತು ಕಿತ್ತಳೆ ಮೂತಿ ನೋಡಿ ಟ್ರಿಗರ್‌ಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಒಳಬಿಟ್ಟರು. ಅಲ್ಲಿಂದೀಚೆಗೆ ಸಾಕಷ್ಟು ಕೈ ಬದಲಾಯಿಸಿದೆ. ಸ್ಲೈಡ್ ಎಳೆಯುವಾಗ ಬೆರಳು ಒತ್ತುವ ಹಿಂಬದಿಯ ಗೀರುಗಳ ತುದಿಯಲ್ಲಿ ಕ್ಲಿಯರ್ ಸವೆದು ಕಪ್ಪು ಇಣುಕುತ್ತಿದೆ. ಪಕ್ಕದ ಕೆತ್ತನೆ, ಗ್ರಿಪ್ ಎರಡೂ ಮೊದಲಿದ್ದ ಹಾಗೇ ಇವೆ. ಸವೆದ ತುದಿಗಳಿಗೆ ಕ್ರೋಮ್ ಪೆನ್ನಿನಿಂದ ಒಂದೊಂದು ಚುಕ್ಕೆ ಇಟ್ಟರೆ ಸಾಕು, ಇಡೀ ಸ್ಲೈಡಿಗೆ ಮತ್ತೆ ಬಣ್ಣ ಹೊಡೆಯುವುದು ಬೇಡ ಅಂತ ಅವನಿಗೆ ಹೇಳಿದ್ದೇನೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮಾತ್ರ ಮುಟ್ಟಬೇಡ ಅಂದಿದ್ದೇನೆ. ಸವೆದ ಜಾಗದಿಂದ ಆಲ್ಕೋಹಾಲ್ ಒಳಗಿಳಿದರೆ ಕ್ಲಿಯರ್ ಅಡಿಯ ಕ್ರೋಮ್ ಏಳುವ ಸಾಧ್ಯತೆ ಇದೆ.